ಕಣಕಾಲುದ್ದದ ಹುಲ್ಲು

ನನ್ನ ಓರಗಿತ್ತಿಗೆ ನನ್ನ ಮೇಲೆ ಪ್ರೀತಿ ಇದೆ ಎಂದು ನಂಬುವವರು ಇಬ್ಬರೇ. ಒಬ್ಬಳು ಮನೆಗೆ ಹೂವು ಕೊಡುವಾಕೆ, ಇನ್ನೊಬ್ಬರು ನನ್ನ ಯಜಮಾನರು. ಹೂವಿನಾಕೆ ಗೇಟಿನ ಆಚೆಯಿಂದಲೇ ಹೊರಟುಹೋಗುತ್ತಾಳೆ. ಯಜಮಾನರಿಗೆ ಕಿವಿ ಮಂದ.

ಬಸವೇಶ್ವರನಗರದ ಈ ಸೈಟಿನಲ್ಲಿ ನಮ್ಮ ಮಾವನವರು ಒಂದೇ ಕಾಂಪೌಂಡಿನೊಳಗೆ ಇಬ್ಬರು ಗಂಡುಮಕ್ಕಳಿಗೂ ಒಂದೊಂದು ಮನೆ ಕಟ್ಟಿಸಿ, ನಡುವೆ ಗೇಟಿನಿಂದ ಹಿಂದಿನ ಒಗೆಯುವ ಕಲ್ಲಿನವರೆಗೆ ಒಂದು ಪಟ್ಟಿ ನೆಲವನ್ನು ಖಾಲಿ ಬಿಟ್ಟರು. "ಮಧ್ಯೆ ಉಸಿರಾಡೋಕೆ ಜಾಗ ಇರ್ಲಿ" ಅಂದಿದ್ದರು. ಯಾರು ಯಾರ ಕತ್ತು ಹಿಸುಕಬಹುದು ಎಂಬ ಅಂದಾಜು ಅವರಿಗೆ ಆಗಲೇ ಇದ್ದಿರಬೇಕು. ಆ ಪಟ್ಟಿಗೆ ಹುಲ್ಲು ತಂದು ನೆಟ್ಟಿದ್ದು ನಾನು. ಓರಗಿತ್ತಿ ಆಗ ಹೊಸ ಮದುಮಗಳು. ಬಾಗಿಲಲ್ಲಿ ನಿಂತು ಕಡಲೆಕಾಯಿ ತಿನ್ನುತ್ತ ನೋಡುತ್ತಿದ್ದಳು. ಸಿಪ್ಪೆಯನ್ನು ನನ್ನ ಹುಲ್ಲಿನ ಮೇಲೆಯೇ ಹಾಕುತ್ತಿದ್ದಳು.

ಈ ಹುಲ್ಲು ನನಗೆ ಏಕೆ ಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ ಬಂದ ಮೇಲೆ ನನ್ನ ಪಾದಗಳು ಉರಿಯುತ್ತವೆ. ಮೆಣಸಿನಪುಡಿ ಮೆತ್ತಿದ ಹಾಗೆ ಉರಿ. ಮಾತ್ರೆ ನುಂಗಿದ್ದೇನೆ, ಹರಳೆಣ್ಣೆ ಹಚ್ಚಿದ್ದೇನೆ, ಬಕೆಟ್ಟಿನ ನೀರಿನಲ್ಲಿ ಕಾಲು ಇಳಿಬಿಟ್ಟು ಇಡೀ ಸೀರಿಯಲ್ ನೋಡಿದ್ದೇನೆ. ಬೆಳಿಗ್ಗೆ ಹೊತ್ತು ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡಿದರೆ ಮಾತ್ರ ಮಧ್ಯಾಹ್ನದವರೆಗೆ ಜೀವ ತಣ್ಣಗಿರುತ್ತದೆ. ಬರಿಗಾಲಲ್ಲಿ ಓಡಾಡಬೇಡಿ ಎಂದು ಡಾಕ್ಟರು ಬೈಯುತ್ತಾರೆ. ಅವರ ಕಾಲು ಉರಿಯುವುದಿಲ್ಲ.

ಜಗಳ ಶುರುವಾದದ್ದು ಕಾರಿನಿಂದ. ನನ್ನ ಮೈದುನ, ಅಂದರೆ ಓರಗಿತ್ತಿಯ ಗಂಡ, ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಇದ್ದ ಕಾರು ಸಾಲದೆಂದು ಇನ್ನೊಂದು ಬುಕ್ ಮಾಡಿದ. ಎಮ್ಮೆಯ ಗಾತ್ರದ ಕಾರು. ಇಳಿಯಲು ಏಣಿ ಬೇಕು. ಇರುವ ಕಾರು ಅವರ ಪೋರ್ಟಿಕೋದಲ್ಲಿ ನಿಂತಿದೆ. ಎಮ್ಮೆ ಎಲ್ಲಿ ನಿಲ್ಲಬೇಕು? ನನ್ನ ಹುಲ್ಲಿನ ಮೇಲೆ. ಇದನ್ನು ನೇರವಾಗಿ ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ಮುಂಗಾರು ಹಿಡಿದಾಗ ಮೋರಿಯಿಂದ ಒಂದು ಕೇರೆಹಾವು ಬಂದದ್ದೇ ಅವನ ಪುಣ್ಯ. ಓರಗಿತ್ತಿ ಕಿರುಚಿದ ಕಿರುಚಿಗೆ ಆ ಬಡಪಾಯಿ ಒಗೆಯುವ ಕಲ್ಲಿನ ಕೆಳಗೆ ನುಗ್ಗಿ ಸಂಜೆಯವರೆಗೆ ಹೊರಗೆ ಬರಲಿಲ್ಲ.

ಮುಂದಿನ ಭಾನುವಾರ ಗಂಡ ಹೆಂಡತಿ ನಮ್ಮ ಹಾಲಿಗೆ ಬಂದು ಕೂತರು. ನಾನು ಮಾಡಿದ ಕಾಫಿ ಕುಡಿದರು. ಕುಡಿದ ಲೋಟ ಕೆಳಗಿಟ್ಟ ಮೇಲೆ ಮೈದುನ ಗಂಟಲು ಸರಿಮಾಡಿಕೊಂಡ.

"ಅತ್ತಿಗೆ, ಮಧ್ಯದ ಜಾಗಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕಿಸ್ಬಿಡೋಣ. ಖರ್ಚು ಪೂರ್ತಿ ನಂದು. ಹುಲ್ಲು ಕುಯ್ಯೋನೂ ಬರ್ತಿಲ್ಲ, ಹಾವು ಹುಳ ಬರ್ತಾ ಇದೆ."

ಹುಲ್ಲು ಕುಯ್ಯುವವನು ಬರದಿದ್ದದ್ದು ನಿಜ. ಅವನಿಗೆ ಅನ್ನಪೂರ್ಣೇಶ್ವರಿ ನಗರದ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಪರ್ಮನೆಂಟ್ ಕೆಲಸ ಸಿಕ್ಕಿತ್ತು.

"ಕಾರು ನಿಲ್ಸೋಕೆ ಅಂತ ಹೇಳೋ, ಪಾಪ ಹಾವಿನ ಮೇಲೆ ಯಾಕೆ ಹಾಕ್ತೀಯ?" ಅಂದೆ. ಅವನು ಕಾಲೇಜಿಗೆ ಹೋಗುವಾಗ ನಾನು ಈ ಮನೆಗೆ ಬಂದವಳು, ಇವತ್ತಿಗೂ ಏಕವಚನವೇ.

"ಅಕ್ಕಾ, ಟೈಲ್ಸ್ ಇನ್ನೂ ತಣ್ಣಗಿರುತ್ತೆ. ಅದ್ರ ಮೇಲೆ ನಡೀಬೋದಲ್ಲ ನೀವು" ಎಂದಳು ಓರಗಿತ್ತಿ.

"ಏಪ್ರಿಲ್ ಮಧ್ಯಾಹ್ನ ನೀನೇ ನಡೆದು ತೋರ್ಸು ಕಣೇ. ದೋಸೆ ಹಾಕ್ತೀನಿ ಪಕ್ಕದಲ್ಲಿ."

ನನ್ನ ಯಜಮಾನರಿಗೆ ಎಷ್ಟು ಕೇಳಿಸಿತೋ, ಅವರು ನಡುವೆ ಬಾಯಿ ಹಾಕಿ ಒಂದು ರಾಜಿ ಮಾಡಿಸಿದರು. ಹುಲ್ಲು ಇರಲಿ, ಆದರೆ ಕಣಕಾಲಿಗಿಂತ ಕೆಳಗೇ ಇರಬೇಕು. ಒಂದೇ ಒಂದು ಸಲ ಕಣಕಾಲು ಮುಟ್ಟಿದರೆ ಟೈಲ್ಸ್. ಕತ್ತರಿಸುವ ಜವಾಬ್ದಾರಿ ನನ್ನದು. ಯಾರ ಕಣಕಾಲು ಎಂಬ ಚರ್ಚೆಯಾಯಿತು. ಮೈದುನ ಉದ್ದ, ನಾನು ಗಿಡ್ಡಿ.

"ಹಾವು ಕಚ್ಚೋದು ನನ್ಗಲ್ವಾ? ನನ್ ಕಣಕಾಲೇ ಆಗ್ಲಿ. ಇಲ್ಲಿ, ಕಾಲ್‌ಚೈನ್ ತನಕ" ಎಂದು ಓರಗಿತ್ತಿ ಅಲ್ಲೇ ಕಾಲು ಮುಂದೆ ಚಾಚಿದಳು.

ನಾನೂ ಸುಮ್ಮನಿರಲಿಲ್ಲ. ನಮ್ಮ ಟೆರೇಸಿಗೆ ಶೀಟು ಹೊದಿಸಿದೆ; ಎಂಥ ಮಳೆಯಲ್ಲೂ ಬಟ್ಟೆ ಒಣಗುತ್ತದೆ. ಅವರ ಟೆರೇಸ್ ತುಂಬ ಸೋಲಾರ್ ಮತ್ತು ನೀರಿನ ಟ್ಯಾಂಕು. ಅವಳ ಬಟ್ಟೆಗಳೆಲ್ಲ ಒಣಗುವುದು ನಮ್ಮಲ್ಲಿ. "ನೀವು ಮಾತು ತಪ್ಪಿದ್ರೆ ಟೆರೇಸ್‌ಗೆ ಬೀಗ" ಎಂದೆ. ಓರಗಿತ್ತಿಯ ಕಾಲು ಸೀರೆಯೊಳಕ್ಕೆ ಹೋಯಿತು. ಮೈದುನ ನಕ್ಕ. ಮಳೆಗಾಲದಲ್ಲಿ ಒಣಗದ ಬನಿಯನ್ನಿನ ವಾಸನೆ ಹೇಗಿರುತ್ತದೆ ಎಂದು ಬಟ್ಟೆ ಒಗೆಯದವರಿಗೆ ಗೊತ್ತಿರುವುದಿಲ್ಲ.

ಹಾಗೆ ನಾನು ಹುಲ್ಲು ಕತ್ತರಿಸುವ ಮೆಷೀನು ಹುಡುಕಲು ಹೊರಟೆ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಆಗಷ್ಟೇ ಕಲಿತಿದ್ದೆ. ನಂಬಬಹುದಾದ ಮೆಷೀನು ಯಾವುದು ಎಂದು ಒತ್ತಿದರೆ ಸಾಲುಸಾಲಾಗಿ ಮೆಷೀನುಗಳು ಬಂದು ಬಿದ್ದವು, ಎಲ್ಲವೂ ನಂಬರ್ ಒನ್ನೇ. ಕೆಳಗೆ ಜನ ಅಭಿಪ್ರಾಯ ಬರೆದಿರುತ್ತಾರೆ. ಒಬ್ಬ ಐದೂ ಸ್ಟಾರ್ ಕೊಟ್ಟು, "ಪ್ಯಾಕಿಂಗ್ ಸೂಪರ್, ಇನ್ನೂ ಓಪನ್ ಮಾಡಿಲ್ಲ" ಎಂದು ಬರೆದಿದ್ದ. ಇನ್ನೊಬ್ಬ ಒಂದೇ ಸ್ಟಾರ್ ಕೊಟ್ಟಿದ್ದ, ಕಾರಣ ಡೆಲಿವರಿಯವನು ಬೆಲ್ ಮಾಡಲಿಲ್ಲ ಅಂತೆ. ಒದ್ದೆ ಹುಲ್ಲು ಕತ್ತರಿಸುತ್ತದೆಯೇ ಎಂದು ನಾನು ಅಕ್ಷರ ಅಕ್ಷರ ಒತ್ತಿ ಪ್ರಶ್ನೆ ಹಾಕಿದೆ. ಯಾವನೋ ಪುಣ್ಯಾತ್ಮ ಉತ್ತರಿಸಿದ: "ಗೊತ್ತಿಲ್ಲ. ಗಿಫ್ಟ್ ಕೊಟ್ಟೆ." ಗೊತ್ತಿಲ್ಲದಿದ್ದ ಮೇಲೆ ಬಾಯಿ ಏಕೆ ತೆರೆಯುತ್ತಾರೋ! ಆ ಮಟ್ಟಿಗೆ ಫೋನೂ ನಮ್ಮ ಮನೆಯ ಹಾಲಿನಲ್ಲಿ ಕೂತು ಮಾತಾಡುವವರಂತೆಯೇ.

ಇದ್ದುದರಲ್ಲಿ ಸರಳವಾಗಿ ಕಂಡದ್ದನ್ನು ತರಿಸಿದೆ. ಕರೆಂಟು ಬೇಡ, ಪೆಟ್ರೋಲು ಬೇಡ. ಎರಡು ಚಕ್ರದ ನಡುವೆ ಸುತ್ತುವ ಬ್ಲೇಡು, ಹಿಡಿ ಹಿಡಿದು ತಳ್ಳುತ್ತಾ ಹೋಗುವುದು. ವಿಡಿಯೋದಲ್ಲಿ ಒಬ್ಬಳು ಹುಡುಗಿ ನಗುನಗುತ್ತಾ ತಳ್ಳುತ್ತಿದ್ದಳು. ಅವಳ ಹುಲ್ಲು ಒಣಗಿತ್ತು, ಮೊದಲೇ ಯಾರೋ ಕತ್ತರಿಸಿಟ್ಟ ಹಾಗಿತ್ತು. ನನ್ನದು ಮಳೆ ಕುಡಿದು ಕೊಬ್ಬಿದ ಹುಲ್ಲು. ಮೆಷೀನು ಹತ್ತಿರ ಬಂದಾಗ ಹುಲ್ಲು ಅಡ್ಡಬಿದ್ದು ನಮಸ್ಕಾರ ಮಾಡಿತು. ಅದು ದಾಟಿಹೋದ ಮೇಲೆ ಎದ್ದು ನಿಂತಿತು.

ಮಹಡಿ ಬಾಲ್ಕನಿಯಿಂದ ಓರಗಿತ್ತಿಯ ದನಿ ಬಂತು. "ಅಕ್ಕಾ, ಹುಲ್ಲಿಗೆ ತಲೆ ಬಾಚ್ತಾ ಇದೀರಾ?"

"ಹೂಂ ಕಣೇ, ಹೇನಿದೆ. ನಿನ್ ಕಡೆಯಿಂದ ಬಂದಿರ್ಬೇಕು."

ಬಾಯಿಗೆ ಉತ್ತರ ಸಿಕ್ಕಿತು, ಹುಲ್ಲು ಹಾಗೇ ಇತ್ತು. ಆ ಬಾಚಣಿಗೆಯನ್ನು ವಾಪಸು ಕಳಿಸಿದೆ.

ಮಾಗಡಿ ರಸ್ತೆಯಲ್ಲಿ ಪಂಪು, ಪೈಪು, ತೋಟದ ಮೆಷೀನು ಮಾರುವ ಒಂದು ಅಂಗಡಿ ಇದೆ. ಯಜಮಾನರನ್ನು ಹೊರಡಿಸಿಕೊಂಡು ಹೋದೆ. ಅಂಗಡಿಯವನು ನನ್ನನ್ನು ಗೋಡೆಗೆ ಒರಗಿಸಿದ ಪೊರಕೆಯೆಂದು ತಿಳಿದವನಂತೆ ಇವರ ಕಡೆಗೇ ತಿರುಗಿ, "ಸಾರ್, ಈ ಮಾಡೆಲ್ ನೋಡಿ ಸಾರ್, ಫುಲ್ ಪವರ್" ಎಂದು ಶುರುಮಾಡಿದ. ಇವರು ಎಲ್ಲದಕ್ಕೂ ತಲೆ ಅಲ್ಲಾಡಿಸಿದರು. ಅವರು ಎಲ್ಲ ಕಡೆ ಹಾಗೆಯೇ ಅಲ್ಲಾಡಿಸುತ್ತಾರೆ.

"ಸಾರ್‌ಗೆ ನೀವ್ ಹೇಳಿದ್ದು ಒಂದೂ ಕೇಳ್ಸಿಲ್ಲ" ಎಂದೆ. "ಹುಲ್ಲು ಕತ್ತರಿಸೋಳು ನಾನು. ಈ ಕಡೆ ತಿರುಗಿ."

ಅವನು ಪೆಟ್ರೋಲ್ ಮೆಷೀನನ್ನು ಎಳೆದು ತಂದ. "ಒಂದೇ ಪುಲ್ ಆಂಟಿ, ಸ್ಟಾರ್ಟ್" ಎಂದು ಹಗ್ಗ ಎಳೆದ. ಆಗಲಿಲ್ಲ. ಮತ್ತೆ ಎಳೆದ. ಹಣೆಯ ಮೇಲೆ ಬೆವರು ಬಂತು, ಮೆಷೀನಿಗೆ ಜೀವ ಬರಲಿಲ್ಲ. ಕೊನೆಗೆ ಅದು ಕೆಮ್ಮಿ ಎದ್ದಾಗ ಅಂಗಡಿ ತುಂಬ ಹೊಗೆ.

"ಇದನ್ನ ಎಳ್ಯೋಕೆ ನೀವೇ ಬರ್ತೀರಾ ನಮ್ಮನೆಗೆ?"

"ಹಾಗಾದ್ರೆ ಬ್ಯಾಟರಿದು ತಗೊಳ್ಳಿ ಆಂಟಿ. ವೈರೇ ಇಲ್ಲ, ಲೇಟೆಸ್ಟು."

"ಬ್ಯಾಟರಿ ಹೋದ್ರೆ?"

"ಹೋಗಲ್ಲ ಆಂಟಿ."

"ಹೋದ್ರೆ ಅಂತ ಕೇಳಿದ್ದು."

"ಬ್ಯಾಟರಿ ಸಪರೇಟ್ ಆಗಿ ತರಿಸ್ಬೇಕಾಗುತ್ತೆ, ಸ್ವಲ್ಪ ಟೈಮ್ ಆಗುತ್ತೆ…"

"ಸರಿ, ಆ ಮೂಲೆಲಿರೋದು?"

ಮೂಲೆಯಲ್ಲಿ ಚಿಕ್ಕದೊಂದು ಕರೆಂಟ್ ಮೆಷೀನು ಇತ್ತು. ಕೆಳಗೆ ಸುತ್ತುವ ಬ್ಲೇಡು, ಹಿಂದೆ ಹುಲ್ಲು ತುಂಬಿಕೊಳ್ಳುವ ಡಬ್ಬ, ಎಷ್ಟು ಎತ್ತರಕ್ಕೆ ಕತ್ತರಿಸಬೇಕೆಂದು ಏರಿಸಿ ಇಳಿಸುವ ಕಡ್ಡಿ. ಒಂದು ಕೈಯಲ್ಲಿ ಗುಂಡಿ ಒತ್ತಿ, ಇನ್ನೊಂದು ಕೈಯಲ್ಲಿ ಹಿಡಿ ಎಳೆದರೆ ಮಾತ್ರ ತಿರುಗುತ್ತದೆ. ಕೈ ಬಿಟ್ಟರೆ ನಿಲ್ಲುತ್ತದೆ. ಅದು ನನಗೆ ಹಿಡಿಸಿತು. ನಮ್ಮ ಪಟ್ಟಿಯ ಅಗಲಕ್ಕೆ ಅಂಗಡಿಯವನ ಫುಲ್ ಪವರ್ ಮೆಷೀನು ತಿರುಗಲೂ ಜಾಗ ಸಾಲುತ್ತಿರಲಿಲ್ಲ.

"ಇದಕ್ಕೆ ಬೇರೆ ಬ್ಲೇಡ್ ಸಿಗುತ್ತಾ?"

"ಬ್ಲೇಡ್ ಹಾಳಾಗೋದೇ ಇಲ್ಲ ಆಂಟಿ."

"ದೇವರು ಕೊಟ್ಟ ಹಲ್ಲೇ ಹಾಳಾಗಿದೆ, ನಿಮ್ ಬ್ಲೇಡ್ ಆಗಲ್ವಾ? ಸರ್ವಿಸ್ ಎಲ್ಲಿ?"

"ಮೂಡಲಪಾಳ್ಯ. ನಂಬರ್ ಡಬ್ಬದ ಮೇಲಿದೆ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಆ ನಂಬರಿಗೆ ಫೋನ್ ಮಾಡಿದೆ. ಅಂಗಡಿಯವನ ಮುಖ ಸ್ವಲ್ಪ ಕಪ್ಪಿಟ್ಟಿತು. ಆ ಕಡೆ ಒಬ್ಬ ಫೋನ್ ಎತ್ತಿ, "ಹೇಳಿ ಅಮ್ಮ" ಎಂದ. ಹೇಳುವುದೇನೂ ಇರಲಿಲ್ಲ, ಇಟ್ಟುಬಿಟ್ಟೆ. ಮಿಕ್ಸಿ, ಗೀಸರು, ವಾಷಿಂಗ್ ಮೆಷೀನು ಎಲ್ಲದರ ಜೊತೆಗೂ ಸಂಸಾರ ಮಾಡಿ ನಾನು ಕಲಿತದ್ದು ಇಷ್ಟೇ. ಕೆಡದ ಮೆಷೀನು ಲೋಕದಲ್ಲಿ ಇಲ್ಲ. ಕೆಟ್ಟಾಗ ಫೋನ್ ಎತ್ತುವವರು ಇದ್ದಾರೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಗಂಡು ನೋಡುವಾಗಲೂ ಇದನ್ನೇ ಮಾಡಬೇಕಿತ್ತು, ಆಗ ಮನೆಗಳಲ್ಲಿ ಫೋನಿರಲಿಲ್ಲ.

ಮೆಷೀನು ಮನೆಗೆ ಬಂದ ಮೇಲೆ ನನ್ನ ಆಳ್ವಿಕೆ ಶುರುವಾಯಿತು. ವರಾಂಡದ ಪ್ಲಗ್ಗಿಗೆ ವೈರು ಚುಚ್ಚಿ, ಮಳೆ ಬಿಡುವು ಕೊಟ್ಟಾಗಲೆಲ್ಲ ಕತ್ತರಿಸಿದೆ. ಮಳೆ ಸಾಮಾನ್ಯವಾಗಿ ಓರಗಿತ್ತಿ ಮಲಗುವ ಹೊತ್ತಿಗೇ ಬಿಡುವು ಕೊಡುತ್ತಿತ್ತು. ಕೊಡದಿದ್ದ ದಿನ ಹನಿಗೆಲ್ಲ ಮಳೆ ಎನ್ನುವುದು ಬೇಡ ಎಂದುಕೊಂಡು, ಅವಳ ಕಿಟಕಿಯ ಪರದೆ ಮುಚ್ಚುವವರೆಗೆ ಮಾತ್ರ ಕಾಯುತ್ತಿದ್ದೆ. ಆಮೇಲೆ ಗರ್ರ್ ಎನ್ನಿಸುತ್ತಿದ್ದೆ.

ಅವಳೂ ಸಾಮಾನ್ಯಳಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಅಕ್ಕಿ ತೊಳೆದ ನೀರನ್ನು ಚೆಂಬಿನಲ್ಲಿ ತಂದು ನನ್ನ ಹುಲ್ಲಿಗೆ ಹುಯ್ಯುತ್ತಿದ್ದಾಳೆ.

"ಏನೇ ಅದು?"

"ನೀರು ವೇಸ್ಟ್ ಮಾಡ್ಬಾರ್ದು ಅಲ್ವಾ ಅಕ್ಕ. ನಿಮ್ ಹುಲ್ಲು ಚೆನ್ನಾಗಿ ಬರ್ಲಿ ಅಂತ."

ಹುಳಿ ಮಜ್ಜಿಗೆ ಹಾಕಿದಳು. ಕಡಲೆಕಾಯಿ ಹಿಂಡಿ ನೆನೆಸಿ ಹಾಕಿದಳು. ಸಾಸಿವೆಯಷ್ಟು ಹೃದಯದ ಆ ಹೆಂಗಸು ತನ್ನ ಗುಲಾಬಿ ಕುಂಡಕ್ಕೂ ಹಾಕದ ಗೊಬ್ಬರವನ್ನು ನನ್ನ ಹುಲ್ಲಿಗೆ ಸುರಿದಳು. ಹುಲ್ಲು ಅವಳ ಪಕ್ಷ ಸೇರಿ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬೆಳೆಯುತ್ತಿತ್ತು. ನಾನು ಕತ್ತರಿಸುತ್ತಿದ್ದೆ. ದಿನಾ ಬೆಳಿಗ್ಗೆ ಅವಳು ಹೂವು ತೆಗೆದುಕೊಳ್ಳುವ ನೆಪದಲ್ಲಿ ಹುಲ್ಲಿಗಿಳಿದು ಸೀರೆ ಒಂದಿಷ್ಟು ಎತ್ತಿ ಕಾಲುಚೈನು ನೋಡಿಕೊಂಡು, ನಿರಾಸೆಯಿಂದ ಒಳಗೆ ಹೋಗುತ್ತಿದ್ದಳು. ಆ ತಿಂಗಳುಗಳಲ್ಲಿ ನನ್ನ ಪಾದ ಎಷ್ಟು ತಣ್ಣಗಿತ್ತೆಂದರೆ ಅವಳ ಮೇಲೆ ಸ್ವಲ್ಪ ಕರುಣೆಯೂ ಬಂದಿತ್ತು. ಬರಬಾರದಿತ್ತು.

ಆಯುಧಪೂಜೆ ಬಂತು. ಅತ್ತೆಯವರ ಕಾಲದಿಂದಲೂ ಈ ಕಾಂಪೌಂಡಿನಲ್ಲಿ ಒಂದು ಪದ್ಧತಿ. ಎರಡೂ ಮನೆಯ ಆಯುಧಗಳನ್ನು ಒಂದೇ ಸಾಲಿನಲ್ಲಿ ಇಡಬೇಕು. ಚಿಕ್ಕ ಸೊಸೆ ತೊಳೆಯಬೇಕು, ದೊಡ್ಡ ಸೊಸೆ ಪೂಜೆ ಮಾಡಬೇಕು. ನಾವಿಬ್ಬರೂ ಮಾತು ಬಿಟ್ಟ ವರ್ಷಗಳಲ್ಲೂ ಇದು ತಪ್ಪಿಲ್ಲ. ಆ ಬೆಳಿಗ್ಗೆ ನಾನು ಈಳಿಗೆಮಣೆ, ಚಾಕು, ಸುತ್ತಿಗೆ, ಯಜಮಾನರ ಸ್ಕೂಟರು ಎಲ್ಲ ಸಾಲಾಗಿಟ್ಟು, ಎಲ್ಲಕ್ಕೂ ಮುಂದೆ, ಮೈದುನನ ಕಾರಿಗಿಂತಲೂ ಮುಂದೆ, ನನ್ನ ಮೆಷೀನನ್ನು ನಿಲ್ಲಿಸಿದೆ. ನಿಲ್ಲಿಸಿ ಒಳಗೆ ಹೋಗಿ ಕುಂಬಳಕಾಯಿಗೆ ಕುಂಕುಮ ಹಚ್ಚುತ್ತ ಕೂತೆ.

ಹೊರಗೆ ಬರುವಷ್ಟರಲ್ಲಿ ಓರಗಿತ್ತಿ ಪೈಪು ಹಿಡಿದು ಕಾರು ತೊಳೆದು, ಸ್ಕೂಟರು ತೊಳೆದು, ಮೆಷೀನನ್ನು ಉಲ್ಟಾ ಮಲಗಿಸಿ ಹೊಟ್ಟೆಯೊಳಗೆಲ್ಲ ನೀರು ಬಿಟ್ಟು ತೊಳೆದು, ಬಟ್ಟೆಯಲ್ಲಿ ಒರೆಸಿ ಥಳಥಳ ಎನ್ನಿಸಿದ್ದಳು. ನನಗೆ ಏನೂ ಅನ್ನಿಸಲಿಲ್ಲ. ಅಷ್ಟು ಚೆನ್ನಾಗಿ ಅವಳು ಏನನ್ನೂ ತೊಳೆದದ್ದು ನಾನು ನೋಡಿರಲಿಲ್ಲ ಅನ್ನಿಸಿತು, ಅಷ್ಟೇ. ನಾನು ಮೆಷೀನಿಗೆ ಅರಿಶಿನ ಕುಂಕುಮ ಇಟ್ಟೆ. ಅದರ ಮೇಲೆ ಗಾಳಿಯಾಡಲು ಸಾಲು ಕಂಡಿಗಳಿದ್ದವು. ಅಲ್ಲಿ ಕುಂಕುಮ ಚೆನ್ನಾಗಿ ಕೂತಿತು. ಸೇವಂತಿಗೆ ಹಾರ ಹಾಕಿದೆ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಕಾರು ನಿಂಬೆಹಣ್ಣು ತುಳಿದು ಮುಂದೆ ಹೋಯಿತು, ಸ್ಕೂಟರು ಹೋಯಿತು. ಇನ್ನು ನನ್ನದು. ವೈರು ಚುಚ್ಚಿ, ಗುಂಡಿ ಒತ್ತಿ, ಹಿಡಿ ಎಳೆದೆ.

ಫಟ್ ಎಂದಿತು. ಮನೆಯ ಕರೆಂಟೆಲ್ಲ ಹೋಯಿತು. ಕುಂಕುಮದ ಬಣ್ಣದ ಹೊಗೆ ಎದ್ದಿತು ಎಂದು ನನ್ನ ಯಜಮಾನರು ಇವತ್ತಿಗೂ ಹೇಳುತ್ತಾರೆ; ನನಗೆ ಕಂಡದ್ದು ಓರಗಿತ್ತಿಯ ಮುಖ ಮಾತ್ರ.

"ಬೇಕಂತ ಮಾಡ್ದೆ ಅಲ್ವೇನೇ?"

"ನಾನಾ? ಅಕ್ಕಾ, ತೊಳ್ಯೋ ಸಾಲಲ್ಲಿ ನೀವೇ ತಂದಿಟ್ರಿ. ಎಲ್ಲಕ್ಕಿಂತ ಮುಂದೆ ಬೇರೆ ಇಟ್ರಿ. ವರ್ಷಕ್ಕೊಂದ್ ದಿನ ಆಯುಧ ತೊಳೀದೆ ಪೂಜೆ ಮಾಡ್ತಾರಾ?"

"ಮಿಕ್ಸಿ ಮೋಟರ್ ತೊಳೀತೀಯಾ ನೀನು?"

"ಮಿಕ್ಸಿ ನೀವು ಇಟ್ಟಿರ್ಲಿಲ್ವಲ್ಲ."

ಮೈದುನ ಕಾರಿನಿಂದ ಇಳಿದು, "ಅತ್ತಿಗೆ, ಹಬ್ಬದ ದಿನ ಬೇಡ" ಎಂದ. ಹಬ್ಬದ ದಿನವೇ ಬೇಕು ಎಂದೆ. ಅವಳು ಕಪಟಿ ಎಂದೆ, ಅವಳು ನನ್ನನ್ನು ಜಂಬದ ಕೋಳಿ ಎಂದಳು. ಕುಂಬಳಕಾಯಿಯನ್ನು ಗೇಟಿನ ಮುಂದೆ ಒಡೆದಾಗ ಅದರ ಒಂದು ಚೂರು ಅವಳ ಬಾಗಿಲವರೆಗೆ ಹೋಗಿ ಬಿತ್ತು. ಅಷ್ಟು ಜೋರಾಗಿ ಒಡೆದವಳು ನಾನೇ. ಆ ದಿನ ಟೆರೇಸಿಗೂ ಬೀಗ ಹಾಕಿದೆ. ಯಜಮಾನರು ಸಂಜೆ ತೆಗೆದುಬಿಟ್ಟರು. "ಅವ್ರು ಮಾತು ತಪ್ಪಿಲ್ವಲ್ಲೇ ಇನ್ನೂ" ಎಂದರು.

ಮೂಡಲಪಾಳ್ಯದವನು ಈ ಸಲವೂ ಫೋನ್ ಎತ್ತಿದ. ಮೆಷೀನು ಬಿಚ್ಚಿ ನೋಡಿ ಅವನೇ ಫೋನ್ ಮಾಡಿದ.

"ಅಮ್ಮ, ಮೋಟರ್‌ಗೆ ನೀರು ಹೋಗಿದೆ. ಒಳಗೆಲ್ಲ ಅರಿಶಿನ, ಕುಂಕುಮ, ಅಕ್ಷತೆ ಕಾಳೂ ಇದೆ. ಇದು ವಾರಂಟಿಲಿ ಬರಲ್ಲ."

"ಪೂಜೆ ಮಾಡಿದ್ರೆ ವಾರಂಟಿ ಹೋಗುತ್ತೇನಪ್ಪ? ಇದ್ಯಾವ ನ್ಯಾಯ?"

"ನೀರಲ್ಲಿ ತೊಳೀಬಾರ್ದು ಅಂತ ಬುಕ್ಕಲ್ಲಿ ಬರೆದಿದೆ ಅಮ್ಮ. ಹಬ್ಬ ಆದ್ಮೇಲೆ ನಮ್ಗೆ ಹಿಂಗೇ ಸುಮಾರು ಬರುತ್ತೆ. ಬೇರೆ ಮೋಟರ್ ತರ್ಸಿದ್ರೆ ದೀಪಾವಳಿ ಕಳೀಬೋದು."

ದೀಪಾವಳಿಗೆ ಮೈದುನನ ಎಮ್ಮೆ ಕಾರು ಬರುವುದಿತ್ತು. ಹಿಂಗಾರು ಮಳೆ ಹಿಡಿದುಕೊಂಡಿತು. ಅಕ್ಕಿ ನೀರು, ಮಜ್ಜಿಗೆ, ಹಿಂಡಿ ಎಲ್ಲ ಸೇರಿ ಕೆಲಸ ಮಾಡಿದವು. ಹುಲ್ಲು ಪಾದ ಮುಚ್ಚಿತು. ಅಲ್ಲಿಂದ ಮೇಲೆ ಹತ್ತತೊಡಗಿತು. ನಾನು ಈಳಿಗೆಮಣೆ ತೆಗೆದುಕೊಂಡು ಹೋಗಿ ಒಂದು ಮೂಲೆ ಕುಯ್ದೆ. ಸೊಂಟ ಹಿಡಿದು ಎರಡು ದಿನ ಏಳಲಾಗಲಿಲ್ಲ. ಮಲಗಿದ್ದಲ್ಲಿಂದಲೇ ಮೈದುನ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಟೈಲ್ಸಿಗೆ ಆರ್ಡರ್ ಕೊಡುತ್ತಿದ್ದ. ಬಣ್ಣ ಕೆಂಪು ಮತ್ತು ಬೂದಿ ಅಂತೆ. ಬುಧವಾರ ಬೆಳಿಗ್ಗೆ ಇಳಿಸುತ್ತಾರಂತೆ.

"ಹೋಗ್ಲಿ ಬಿಡೆ" ಎಂದರು ಯಜಮಾನರು. "ಕಾಲಿಗೆ ಒದ್ದೆ ಟವಲ್ ಸುತ್ಕೊಂಡ್ರಾಯ್ತು."

"ನಿಮ್ ತಲೆಗೆ ಸುತ್ಕೊಳ್ಳಿ" ಎಂದು ಎದ್ದೆ.

ಮಂಗಳವಾರ ಒಬ್ಬಳೇ ಆಟೋ ಹಿಡಿದು ಮತ್ತೆ ಅದೇ ಅಂಗಡಿಗೆ ಹೋದೆ. ನನ್ನನ್ನು ಕಂಡ ತಕ್ಷಣ ಅಂಗಡಿಯವನು ಒಳಗೆ ಏನೋ ಕೆಲಸ ನೆನಪಿಸಿಕೊಂಡ. ಬಿಡಲಿಲ್ಲ. ಉದ್ದವಾಗಿ ಬೆಳೆದ ಒದ್ದೆ ಹುಲ್ಲಿಗೆ ಏನಿದೆ ತೋರಿಸಿ ಎಂದೆ. ದಾರದ ಟ್ರಿಮ್ಮರ್ ತೋರಿಸಿದ: ಉದ್ದ ಕೋಲು, ತುದಿಯಲ್ಲಿ ನೈಲಾನ್ ದಾರ, ಆ ದಾರ ಗಿರ್ರನೆ ಸುತ್ತಿ ಹುಲ್ಲನ್ನು ಹೊಡೆದು ಹಾಕುತ್ತದೆ. ಒಂದು ಹೊಗೆ ಬಿಡುವ ಜಾತಿ, ಹೆಗಲಿಗೆ ಪಟ್ಟಿ ಹಾಕಿ ಹೊರಬೇಕು. ಹೊತ್ತು ನೋಡಿದೆ, ಮಂಡಿ ಬಗ್ಗಿತು. ಇನ್ನೊಂದು ಕರೆಂಟಿನದು, ಹಗುರ.

"ಇದು ಕತ್ತರಿಸುತ್ತೆ ಅಂತ ಏನ್ ಗ್ಯಾರಂಟಿ?"

"ಅಮ್ಮ, ಪ್ರಾಮಿಸ್."

"ನಿಮ್ ಪ್ರಾಮಿಸ್ಸು ಹೋದ್ಸಲವೂ ಕೇಳಿದೀನಿ. ಪ್ಲಗ್ ಹಾಕಿ, ಹೊರಗೆ ಬನ್ನಿ."

ಅಂಗಡಿಯ ಪಕ್ಕದ ಮೋರಿಯ ಅಂಚಿನಲ್ಲಿ ಪಾರ್ಥೇನಿಯಂ, ಹುಲ್ಲು ಎಲ್ಲ ಕಲಸಿಕೊಂಡು ಬೆಳೆದಿತ್ತು. ಅವನು ವೈರು ಎಳೆದು ತಂದ. ನಾನೇ ಹಿಡಿದು ಕತ್ತರಿಸಿದೆ. ಕೆಸರು ಅವನ ಪ್ಯಾಂಟಿಗೆ ಹಾರಿತು, ದಾರಿಹೋಕರೊಬ್ಬರು ಬೈದರು, ಪಾರ್ಥೇನಿಯಂ ತಲೆಯಿಲ್ಲದೆ ಬಿದ್ದಿತು. ದಾರ ಸವೆದರೆ ಹೇಗೆ ಹಾಕುವುದೆಂದು ಅವನ ಕೈಯಲ್ಲೇ ಬಿಚ್ಚಿಸಿ, ನನ್ನ ಕೈಯಲ್ಲಿ ಒಮ್ಮೆ ಹಾಕಿ ನೋಡಿದೆ. ತಂದು ನನ್ನ ಮಂಚದ ಕೆಳಗೆ ಬಚ್ಚಿಟ್ಟೆ. ತೊಳೆಯುವವರ ಕಣ್ಣಿಗೆ ಬೀಳಬಾರದಲ್ಲ.

ಬುಧವಾರ ಮಳೆ ನಿಂತಿತ್ತು. ಸೀರೆಯ ಕೆಳಗೆ ಯಜಮಾನರ ಹಳೆಯ ಪ್ಯಾಂಟು, ಕಾಲಿಗೆ ಅವರ ಬೂಟು, ಕಣ್ಣಿಗೆ ಅವರ ಸ್ಕೂಟರಿನ ಕನ್ನಡಕ ಹಾಕಿಕೊಂಡು ಗೇಟಿನ ಕಡೆಯಿಂದ ಶುರುಮಾಡಿದೆ. ದಾರದ ಮೆಷೀನು ಕಲ್ಲು ಹಾರಿಸುತ್ತದೆ, ಚಪ್ಪಲಿಯಲ್ಲಿ ಹಿಡಿಯಬಾರದು. ಯಜಮಾನರು ಹಿಂದೆ ಹಿಂದೆ ವೈರು ಎತ್ತಿ ಹಿಡಿದುಕೊಂಡು ಬಂದರು. ಮದುವೆಯಲ್ಲೂ ಅವರು ನನ್ನ ಹಿಂದೆ ಅಷ್ಟು ಹತ್ತಿರ ನಡೆದಿರಲಿಲ್ಲ. ಹುಲ್ಲಿನ ಚೂರು, ಕೆಸರು ಎರಡೂ ಮನೆಯ ಗೋಡೆಗೆ ಹಾರಿ ಅಂಟಿದವು. ಓರಗಿತ್ತಿಯ ಗೋಡೆಗೆ ಸ್ವಲ್ಪ ಹೆಚ್ಚು.

ನಾನು ಮುಕ್ಕಾಲು ಪಟ್ಟಿ ದಾಟುವ ಹೊತ್ತಿಗೆ ಗೇಟಿನ ಹೊರಗೆ ಟೈಲ್ಸಿನ ಟೆಂಪೊ ಬಂದು ನಿಂತಿತು.

"ಅಮ್ಮಾ, ಸ್ವಲ್ಪ ಸೈಡಿಗೆ ಬನ್ನಿ, ಲೋಡ್ ಇಳಿಸ್ಬೇಕು" ಎಂದು ಡ್ರೈವರ್ ಕೂಗಿದ.

"ಇಳಿಸ್ಬೇಡಪ್ಪ. ಇಲ್ಲಿ ಯಾರ ಕಾಲೂ ಮುಳುಗಿಲ್ಲ" ಎಂದೆ.

ಮೈದುನ ಬನಿಯನ್ನಿನಲ್ಲೇ ಹೊರಗೆ ಓಡಿಬಂದ. "ಅತ್ತಿಗೆ, ಇದೇನ್ ಹಠ? ನಿನ್ನೆ ತನಕ ಕಾಡಾಗಿತ್ತು ಇದು."

"ನಿನ್ನೆ ಯಾರಾದ್ರೂ ಅಳೆದ್ರಾ? ಮಾತಾಗಿದ್ದು ನಿನ್ ಕಾಲಿನ ಮೇಲಲ್ಲ. ಅಳೆಯೋರನ್ನ ಕರಿ."

ಓರಗಿತ್ತಿ ಬಂದಳು. ಸೊಂಟದ ಮೇಲೆ ಒದ್ದೆ ಬಟ್ಟೆಯ ಬಕೆಟ್ಟು. ನಮ್ಮ ಟೆರೇಸಿಗೆ ಹೊರಟಿದ್ದವಳು. ಗೇಟಿನ ಕಡೆ ನಾನು ಕತ್ತರಿಸಿದ ನುಣ್ಣನೆಯ ಹುಲ್ಲಿನ ಕಡೆಗೆ ಅವಳು ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಒಗೆಯುವ ಕಲ್ಲಿನ ಪಕ್ಕದ ಮೂಲೆಗೆ ನಡೆದಳು. ನಾನು ಇನ್ನೂ ಮುಟ್ಟದ ಮೂಲೆ ಅದೊಂದೇ. ನೂರೆಂಟು ಸಲ ನನ್ನ ತಪ್ಪು ಹುಡುಕಿ ಅಭ್ಯಾಸವಾದ ಕಣ್ಣು, ಹುಡುಕದೆ ಬಿಡುತ್ತದೆಯೇ? ಬಕೆಟ್ಟು ಕೆಳಗಿಟ್ಟು, ಸೀರೆ ಎತ್ತಿ, ಹುಲ್ಲಿನಲ್ಲಿ ನಿಂತಳು.

ನಾನು ಮೆಷೀನು ನಿಲ್ಲಿಸಿದೆ. ಅವಳ ಕಾಲುಚೈನು ಕಾಣುತ್ತಿರಲಿಲ್ಲ. ಹುಲ್ಲಿನ ತುದಿಗಳು ಅದಕ್ಕಿಂತ ಒಂದು ಬೆರಳು ಮೇಲಿದ್ದವು. ನಾನು ನೋಡಿದೆ, ಅವಳು ನೋಡಿದಳು. ಮೈದುನ ನಿಂತಿದ್ದ ಕಡೆಗೆ ಒಗೆಯುವ ಕಲ್ಲು ಅಡ್ಡವಿತ್ತು.

ಅವಳು ತಲೆ ಎತ್ತಿ ನಮ್ಮ ಟೆರೇಸಿನ ಶೀಟಿನ ಕಡೆ ನೋಡಿದಳು. ಆಮೇಲೆ ತನ್ನ ಬಕೆಟ್ಟು ನೋಡಿದಳು. ಆಕಾಶ ಮತ್ತೆ ಕಪ್ಪಾಗುತ್ತಿತ್ತು. ಟೈಲ್ಸ್ ಬಿದ್ದರೆ ನಾನು ಸುಮ್ಮನಿರುವವಳಲ್ಲ, ಮಾತು ಮುರಿಯಿತೋ ಇಲ್ಲವೋ ಏನಾದರೊಂದು ನೆಪ ಹೂಡಿ ಬೀಗ ಹಾಕಿಯೇ ಹಾಕುತ್ತೇನೆ ಎಂದು ಅವಳಿಗಿಂತ ಚೆನ್ನಾಗಿ ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ.

"ಇಲ್ಲ ರೀ" ಎಂದಳು ಗಂಡನಿಗೆ. "ಮುಟ್ಟಿಲ್ಲ. ಇನ್ನೂ ಕೆಳಗೇ ಇದೆ."

"ಸರ್ಯಾಗಿ ನೋಡೇ!"

"ನನ್ ಕಾಲು ನನ್ಗೆ ಗೊತ್ತಿಲ್ವಾ? ಕಳ್ಸಿ ಟೆಂಪೊನ. ಕಾರು ರೋಡಲ್ಲಿ ನಿಲ್ಲಿಸ್ಕೊಳ್ಳಿ, ಎಲ್ರೂ ಅಲ್ಲೇ ನಿಲ್ಸಲ್ವಾ."

ಮೈದುನ ಡ್ರೈವರಿನ ಜೊತೆ ವಾಪಸು ಬಾಡಿಗೆಯ ಜಗಳಕ್ಕೆ ಹೋದ. ಯಜಮಾನರು ವೈರು ಹಿಡಿದುಕೊಂಡೇ, "ನೋಡಿದ್ಯಾ, ಅವ್ಳಿಗೆ ನಿನ್ ಮೇಲೆ ಎಷ್ಟು ಪ್ರೀತಿ" ಎಂದರು. ಅವರಿಗೆ ಅವಳ ಮಾತೂ ಸರಿಯಾಗಿ ಕೇಳಿಸಿರಲಿಲ್ಲ, ಮುಳುಗಿದ ಕಾಲುಚೈನೂ ಕಂಡಿರಲಿಲ್ಲ.

ಓರಗಿತ್ತಿ ಆ ಮೂಲೆಯಿಂದ ಇನ್ನೂ ಕಾಲು ತೆಗೆದಿರಲಿಲ್ಲ. ದನಿ ತಗ್ಗಿಸಿ ನನಗೆ ಮಾತ್ರ ಹೇಳಿದಳು. "ಇವತ್ತು ಬೆಡ್‌ಶೀಟ್‌ಗಳೂ ಇವೆ ಅಕ್ಕ. ಮಧ್ಯದ ತಂತಿ ನಂದು, ನಿಮ್ ಸೀರೆ ತೆಗೀರಿ. ಈ ಮೂಲೆ ಬೇಗ ಕತ್ತರ್ಸಿ. ನಾಳೆ ಬೆಳಿಗ್ಗೆ ಮತ್ತೆ ನೋಡ್ತೀನಿ, ನಾಳೆ ಸುಳ್ಳು ಹೇಳಲ್ಲ."

ಮಧ್ಯದ ತಂತಿ ಅತ್ತೆಯವರ ಕಾಲದಿಂದ ನನ್ನದು. ಅದಕ್ಕೇ ಒಳ್ಳೆಯ ಗಾಳಿ ಬರುವುದು. ನಾನು ಕನ್ನಡಕ ಸರಿಮಾಡಿಕೊಂಡು ಮೆಷೀನನ್ನು ಆ ಮೂಲೆಗೆ ತಿರುಗಿಸಿದೆ. ಅವಳು ಬಕೆಟ್ಟು ಎತ್ತಲು ಬಗ್ಗಿದಳು, ಎತ್ತಿಕೊಂಡು ನಿಧಾನವಾಗಿ ಹಿಂದೆ ಸರಿಯತೊಡಗಿದಳು. ಸರಿಯಲು ಶುರುಮಾಡುವವರೆಗೆ ಕಾದೆ. ಪೂರ್ತಿ ಸರಿಯುವವರೆಗೆ ಕಾಯಲಿಲ್ಲ. ಗುಂಡಿ ಒತ್ತಿದೆ.